ಹಳೇ ಪೇಷೆಂಟುಗಳ ಪುಟ ತೆರೆಯದ ದಿನಗಳು

ನಾನು ಕೆಲಸ ಮಾಡುವುದು ಮಂಡ್ಯದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ. ಟ್ರಸ್ಟಿನವರು ನಡೆಸುವ ಆಸ್ಪತ್ರೆ. ಮದ್ದೂರು, ಮಳವಳ್ಳಿಗಳಲ್ಲಿ ಅದರ ಒಂದೊಂದು ಸಣ್ಣ ಕೇಂದ್ರವಿದೆ. ನಾನು ಡಾಕ್ಟರಲ್ಲ, ನರ್ಸಲ್ಲ, ಕಂಪ್ಯೂಟರ್ ನೋಡಿಕೊಳ್ಳುವವಳು. ಗುತ್ತಲು ಬಡಾವಣೆಯ ನನ್ನ ಮನೆಯಿಂದ ಹದಿನೈದು ನಿಮಿಷ ನಡೆದರೆ ಆಸ್ಪತ್ರೆ. ಸೇರಿದಾಗ ನನ್ನ ಕೆಲಸ ಹಳೆಯ ಕೇಸ್ ಶೀಟುಗಳನ್ನು ಟೈಪ್ ಮಾಡುವುದಷ್ಟೇ ಆಗಿತ್ತು. ಆಮೇಲೆ ಸರ್ವರ್ ನೋಡಿಕೊಳ್ಳುತ್ತಿದ್ದವರು ಬಿಟ್ಟು ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೀಲಿಕೈ ನನ್ನ ಹತ್ತಿರ ಉಳಿಯಿತು, ಕೆಲಸವೂ ಉಳಿಯಿತು.

ಸರ್ವರ್ ಇದ್ದದ್ದು ಆಪರೇಷನ್ ಥಿಯೇಟರಿನ ಬಟ್ಟೆ ಇಡುತ್ತಿದ್ದ ಕೋಣೆಯಲ್ಲಿ. ಯಾವುದೋ ಕಂಪನಿಯವರು ತಮ್ಮ ಯಂತ್ರಗಳನ್ನು ಬದಲಾಯಿಸಿದಾಗ ಹಳೆಯದೊಂದನ್ನು ನಮಗೆ ದಾನ ಕೊಟ್ಟಿದ್ದರು. ನಮಗೆ ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಆದರೆ ಪಾಪ, ತೊಂದರೆ ಕೊಟ್ಟಿರಲಿಲ್ಲ. ಮೂರು ಊರಿನ ಪೇಷೆಂಟುಗಳ ವಿವರ, ಕಣ್ಣಿನ ಒಳಗಿನ ಫೋಟೊ, ಡಾಕ್ಟರು ಬರೆದ ಟಿಪ್ಪಣಿ ಎಲ್ಲ ಅದರೊಳಗೇ ಇತ್ತು. ಮಳವಳ್ಳಿಯಲ್ಲಿ ಕೂತ ಡಾಕ್ಟರು ಪೇಷೆಂಟಿನ ನಂಬರ್ ಒತ್ತಿದರೆ ಮಂಡ್ಯದ ಈ ಕೋಣೆಯಿಂದ ಅವರ ವಿವರದ ಪುಟ ಹೋಗುತ್ತಿತ್ತು.

ಸಾಫ್ಟ್‌ವೇರ್ ಕೊಟ್ಟವರಿಂದ ಒಂದು ದಿನ ಪತ್ರ ಬಂತು. ನಮ್ಮ ಡೇಟಾಬೇಸ್ ತೀರ ಹಳೆಯದು, ಇನ್ನು ಮೇಲೆ ಅದರ ಜವಾಬ್ದಾರಿ ಅವರದ್ದಲ್ಲ, ಹೊಸದಕ್ಕೆ ಅಪ್‌ಗ್ರೇಡ್ ಮಾಡಿಕೊಳ್ಳಲೇಬೇಕು ಎಂದು ಬರೆದಿದ್ದರು. ಹೊಸದರಲ್ಲಿ ಪೇಷೆಂಟಿನ ಪ್ರತಿಯೊಂದು ವಿವರಕ್ಕೂ ಒಳಗಿನಿಂದಲೇ ಬೀಗ ಬೀಳುತ್ತದೆ, ಯಾರಾದರೂ ಯಂತ್ರವನ್ನೇ ಕದ್ದುಕೊಂಡು ಹೋದರೂ ಏನೂ ಓದಲಾಗದು ಎಂದೂ ಇತ್ತು. ಒಳ್ಳೆಯದೇ ಅನ್ನಿಸಿತು. ನಮ್ಮ ಟ್ರಸ್ಟಿನ ಕಾರ್ಯದರ್ಶಿ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನು ಕೇಳಿದರು.

"ಮಾಡಬಹುದಾ ಅಮ್ಮ? ನಿನಗೆ ಧೈರ್ಯ ಇದೆಯಾ?"

"ಪರೀಕ್ಷೆ ಮಾಡಿ ನೋಡಿ ಹೇಳ್ತೀನಿ ಸಾರ್" ಅಂದೆ.

ಪರೀಕ್ಷೆ ಮಾಡಿದ್ದೂ ನಿಜ. ಅದೇ ಯಂತ್ರದಲ್ಲಿ ಒಂದು ಮೂಲೆಗೆ ಹೊಸ ಡೇಟಾಬೇಸ್ ಹಾಕಿ, ಹತ್ತು ಸುಳ್ಳು ಪೇಷೆಂಟುಗಳನ್ನು ಸೃಷ್ಟಿಸಿದೆ. ಅವರಿಗೆಲ್ಲ ವಯಸ್ಸು ಕೊಟ್ಟೆ, ಕಾಯಿಲೆ ಕೊಟ್ಟೆ, ಪುಟ ತೆರೆದು ನೋಡಿದೆ. ತಟ್ಟನೆ ತೆರೆಯಿತು. "ಆಗುತ್ತೆ ಸಾರ್" ಎಂದು ಕಾಗದಕ್ಕೆ ಸಹಿ ಹಾಕಿದೆ. ಆ ಹತ್ತು ಜನಕ್ಕೆ ಒಂದು ಫೋಟೊ ಕೂಡ ಇರಲಿಲ್ಲ. ಹತ್ತು ಹನ್ನೆರಡು ವರ್ಷದಿಂದ ನಮ್ಮಲ್ಲಿಗೆ ಬರುತ್ತಿರುವವರ ಪುಟ ಹೇಗೆ ತೆರೆಯುತ್ತದೆ ಎಂದು ನೋಡಬೇಕು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಯಾಕೆ ಹೊಳೆಯಲಿಲ್ಲ ಎಂದು ಈಗಲೂ ಯೋಚಿಸುತ್ತೇನೆ.

ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿ ಸಂಜೆಯೊಳಗೆ ಅಪ್‌ಗ್ರೇಡ್ ಮುಗಿಸಿದೆವು. ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ಒಬ್ಬರು ಫೋನಿನಲ್ಲೇ ಜೊತೆಗಿದ್ದರು. ಎಲ್ಲ ಹಸಿರು ಬಣ್ಣದಲ್ಲಿ 'ಆಯಿತು, ಆಯಿತು' ಎಂದೇ ತೋರಿಸಿತು. ಮನೆಗೆ ಹೋಗಿ ಬಿಸಿ ನೀರು ಹಾಕಿಕೊಂಡು, ಊಟ ಮಾಡಿ ನಿಶ್ಚಿಂತೆಯಿಂದ ಮಲಗಿದೆ.

ಸೋಮವಾರ ಹತ್ತು ಗಂಟೆಗೆ ನಮ್ಮ ಸಿಸ್ಟರ್ ಬಂದರು. ಬೆಸಗರಹಳ್ಳಿಯ ಕಡೆಯವರು, ನನಗಿಂತ ಚಿಕ್ಕವರು, ನನ್ನನ್ನು ಅಕ್ಕ ಎಂದೇ ಕರೆಯುವವರು. ಬಾಗಿಲಲ್ಲಿ ನಿಂತು, "ಅಕ್ಕ, ಅದೇನ್ ಮಾಡ್ಬುಟ್ರಿ ನೀವು? ಹೊಸಬ್ರುದ್ದು ಬತ್ತದೆ, ಹಳೇ ಪೇಷೆಂಟ್ದು ಬರಾಕಿಲ್ಲ ಅಂತದೆ" ಅಂದರು.

ಹೋಗಿ ನೋಡಿದೆ. ಪರದೆಯ ಮಧ್ಯೆ ಸಣ್ಣ ಚಕ್ರ ತಿರುಗುತ್ತಿತ್ತು. ಡಾಕ್ಟರು ಕೈಕಟ್ಟಿ ಕೂತಿದ್ದರು. ಎದುರಿನ ಕುರ್ಚಿಯಲ್ಲಿ ಪೇಷೆಂಟು ಗದ್ದವನ್ನು ಕಣ್ಣು ಪರೀಕ್ಷಿಸುವ ಯಂತ್ರದ ಮೇಲಿಟ್ಟುಕೊಂಡೇ ಕಾಯುತ್ತಿದ್ದರು. ನಾನು ಗಡಿಯಾರ ನೋಡಿದೆ. ನಾಲ್ಕು ನಿಮಿಷ ಆಯಿತು. ಆಮೇಲೆ ಪುಟ ಏನೂ ಆಗೇ ಇಲ್ಲವೆಂಬಂತೆ ಬಂದು ನಿಂತಿತು.

ಎಂಜಿನಿಯರಿಗೆ ಫೋನ್ ಮಾಡಿದೆ. ಮೆಮೊರಿ ನೋಡಿ ಅಂದರು, ನೋಡಿದೆ. ಡಿಸ್ಕ್ ನೋಡಿ ಅಂದರು, ನೋಡಿದೆ. ಎರಡೂ ಸರಿಯಾಗಿದ್ದವು. ಯಂತ್ರದ ಮಿದುಳಾದ ಪ್ರೊಸೆಸರ್ ಮಾತ್ರ ತನ್ನ ಶಕ್ತಿಯನ್ನು ನೂರಕ್ಕೆ ನೂರು ಹಾಕಿ ದುಡಿಯುತ್ತಿತ್ತು. ಅದರ ಮಾಡೆಲ್ ಯಾವುದು ಎಂದು ಕೇಳಿದರು. ಓದಿ ಹೇಳಿದೆ. 

"ಮೇಡಂ, ಇದು ತುಂಬಾ ಹಳೇದು."

"ಹಳೇದು ಅಂತ ನಿಮಗೆ ಗೊತ್ತಿರಲಿಲ್ವಾ?"

"ನೀವು ಟೆಸ್ಟ್ ಮಾಡಿ ಓಕೆ ಅಂದಿದ್ರಿ ಮೇಡಂ."

 ಅವರು ಒಳ್ಳೆಯ ಮನುಷ್ಯರೇ. ಸಮಾಧಾನದಿಂದ ಬಿಡಿಸಿ ಹೇಳಿದರು. ಹೊಸ ಡೇಟಾಬೇಸ್ ಪ್ರತಿಯೊಂದನ್ನೂ ಬೀಗ ಹಾಕಿ ಇಡುತ್ತದೆ, ಓದುವಾಗ ಬೀಗ ತೆಗೆಯಬೇಕು. ಈಗ ಬರುವ ಪ್ರೊಸೆಸರ್‌ಗಳಿಗೆ ಆ ಬೀಗ ತೆಗೆಯುವ ಕೆಲಸ ಹುಟ್ಟಿನಿಂದಲೇ ಗೊತ್ತಿರುತ್ತದೆ, ಅದಕ್ಕೆಂದೇ ಒಳಗೆ ಬೇರೆ ಭಾಗವಿರುತ್ತದೆ. ನಮ್ಮದರಲ್ಲಿ ಆ ಭಾಗವೇ ಇಲ್ಲ. ಅದು ಪ್ರತಿಯೊಂದು ಬೀಗವನ್ನೂ ಒಂದೊಂದೇ ಲೆಕ್ಕ ಮಾಡಿ ತೆಗೆಯಬೇಕು. ಒಬ್ಬರ ಕಣ್ಣಿನ ಫೋಟೊಗಳು ಹೆಚ್ಚಿದ್ದಷ್ಟೂ ಲೆಕ್ಕ ಹೆಚ್ಚು. ನಿನ್ನೆ ಮೊನ್ನೆ ಬಂದವರ ಪುಟ ಬೇಗ ಬರುತ್ತದೆ, ವರ್ಷಗಟ್ಟಲೆ ನಮ್ಮನ್ನು ನಂಬಿಕೊಂಡು ಬಂದವರದ್ದೇ ಬರುವುದಿಲ್ಲ.

"ಹಳೇದಕ್ಕೆ ವಾಪಸ್ ಹೋಗಕ್ಕಾಗಲ್ವಾ?" ಎಂದು ಕೇಳಿದೆ.

"ಹೋಗಬಹುದು ಮೇಡಂ. ಆದರೆ ಇವತ್ತು ಬೆಳಿಗ್ಗೆಯಿಂದ ಬರೆದದ್ದೆಲ್ಲ ಹೋಗುತ್ತೆ. ಹೊಸದರಲ್ಲಿ ಬರೆದದ್ದನ್ನ ಹಳೇದು ಓದಲ್ಲ. ಮೇಲಾಗಿ ಹಳೇದಕ್ಕೆ ನಾವು ಸಪೋರ್ಟ್ ಕೊಡೋ ಹಾಗಿಲ್ಲ."

"ಬೀಗ ಹಾಕೋದನ್ನ ನಿಲ್ಲಿಸೋಕೆ?"

"ನಮ್ಮ ಕೈಲಿಲ್ಲ ಮೇಡಂ. ನೀವು ಮಿಷನ್ ಬದಲಾಯಿಸಿ."

ಆಗಲೇ, ಅದೇ ಕ್ಷಣ, ಒಂದೇ ಬೆಳಗಿನ ಬರಹ ಹೋದರೆ ಹೋಗಲಿ ಎಂದು ಹಿಂದಕ್ಕೆ ತಿರುಗಿಸಬೇಕಾಗಿತ್ತು. ಅಂದು ಬೆಳಿಗ್ಗೆ ಅರವತ್ತು ಎಪ್ಪತ್ತು ಜನ ಬಂದು ಹೋಗಿದ್ದರು. ಅವರ ಚೀಟಿ ನೋಡಿ ಮತ್ತೆ ಟೈಪ್ ಮಾಡಬಹುದಿತ್ತು. ಆದರೆ ಡಾಕ್ಟರುಗಳನ್ನು ಕೇಳಬೇಕು, ಕಾರ್ಯದರ್ಶಿಗಳನ್ನು ಕೇಳಬೇಕು ಅಂದುಕೊಂಡೆ. ಕಾರ್ಯದರ್ಶಿಗಳು ಆ ದಿನ ಮೈಸೂರಿನಲ್ಲಿದ್ದರು. ಮಂಗಳವಾರ ಸಂಜೆಗೆ ಸಿಕ್ಕರು. ಅಷ್ಟರಲ್ಲಿ ಎರಡು ದಿನದ ಆಪರೇಷನ್ ವಿವರಗಳೂ ಹೊಸದರೊಳಗೆ ಸೇರಿಕೊಂಡಿದ್ದವು. ಅವನ್ನು ಅಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

"ಹೊಸ ಯಂತ್ರಕ್ಕೆ ಒಂದು ಅರ್ಜಿ ಬರೆದು ಕೊಡಮ್ಮ. ಸಭೆಯಲ್ಲಿ ಇಡ್ತೀನಿ" ಅಂದರು ಕಾರ್ಯದರ್ಶಿಗಳು.

ಟ್ರಸ್ಟಿನ ಸಭೆ ಮೂರು ತಿಂಗಳಿಗೊಂದು ಸಲ. ಹಿಂದಿನ ವಾರವಷ್ಟೇ ಒಂದು ಮುಗಿದಿತ್ತು.

ಎರಡನೇ ವಾರದ ಬುಧವಾರ ಆದದ್ದನ್ನು ಹೇಳಬೇಕು. ಬುಧವಾರ ಮಳವಳ್ಳಿ ಕೇಂದ್ರಕ್ಕೆ ಡಾಕ್ಟರು ಹೋಗುವ ದಿನ. ಯಾವಾಗಲೂ ಹೋಗುತ್ತಿದ್ದ ಮೇಡಂ ರಜೆಯಲ್ಲಿದ್ದರು. ಅವರ ಬದಲು ಬೇರೆ ಊರಿನ ಡಾಕ್ಟರೊಬ್ಬರು ಬಂದಿದ್ದರು, ಜೊತೆಗೆ ನಮ್ಮ ಸಿಸ್ಟರ್. ನಾನು ಮಂಡ್ಯದಲ್ಲಿ ಸರ್ವರ್ ಮುಂದೆ ಕೂತಿದ್ದೆ. ಕೂತು ಮಾಡುವುದೇನೂ ಇರಲಿಲ್ಲ. ಪ್ರೊಸೆಸರಿನ ಕೆಲಸ ತೋರಿಸುವ ಗೆರೆ ಪರದೆಯ ತುದಿಗೆ ಅಂಟಿಕೊಂಡಿರುವುದನ್ನು ನೋಡುತ್ತಿದ್ದೆ ಅಷ್ಟೇ. ಕೋಣೆ ಬಿಸಿಯಾಗುತ್ತದೆಂದು ಒಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ಇಟ್ಟಿದ್ದೆ.

ಹನ್ನೊಂದು ಗಂಟೆ ದಾಟಿದ ಮೇಲೆ ಸಿಸ್ಟರ್ ಫೋನ್ ಬಂತು.

"ಅಕ್ಕ, ಒಂದು ಅಜ್ಜಿ ಕುಂತವ್ರೆ. ಗ್ಲಾಕೋಮಾದವ್ರು. ಪುಟ ಬತ್ತಾನೇ ಇಲ್ಲ. ಆಚೆ ಐವತ್ತು ಜನ ನಿಂತವ್ರೆ, ಒಬ್ಬೊಬ್ರೂ ಬಯ್ತಾವ್ರೆ. ಏನ್ ಮಾಡ್ಲಿ?"

ಗ್ಲಾಕೋಮಾ ಎಂದರೆ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಹಾಳಾಗುವ ಕಾಯಿಲೆ. ಡ್ರಾಪ್ಸ್ ಹಾಕಿಕೊಂಡು ಒತ್ತಡವನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ನಾನು ಹೇಳಿದೆ: "ಕಾಯ್ಬೇಡಿ ಸಿಸ್ಟರ್. ಪೇಷೆಂಟನ್ನೇ ಕೇಳಿ ಬರ್ಕೊಳ್ಳಲಿ ಅನ್ನಿ ಡಾಕ್ಟರಿಗೆ."

ಇದು ನಾನೇ ಆಡಿದ ಮಾತು. ಬೇರೆ ಯಾರೂ ಆಡಿದ್ದಲ್ಲ.

ಡಾಕ್ಟರು ಕೇಳಿದರು. ಶುಗರ್ ಇದೆಯಾ, ಬಿಪಿ ಇದೆಯಾ, ಅಸ್ತಮಾ ಇದೆಯಾ ಎಂದು. ಅಜ್ಜಿ ಮೂರಕ್ಕೂ ಇಲ್ಲವೆಂದು ತಲೆಯಾಡಿಸಿದರಂತೆ. ಒತ್ತಡ ಅಳೆದರೆ ಹೆಚ್ಚಿತ್ತು. ಹಳೆಯ ಡ್ರಾಪ್ಸಿನ ಜೊತೆಗೆ ಇನ್ನೊಂದನ್ನು ಬರೆದುಕೊಟ್ಟರು. ಎಷ್ಟೋ ಜನಕ್ಕೆ ದಿನಾ ಬರೆಯುವ ಡ್ರಾಪ್ಸೇ. ಆದರೆ ಉಸಿರಾಟದ ತೊಂದರೆ ಇರುವವರಿಗೆ ಮಾತ್ರ ಹಾಕುವಂತಿಲ್ಲ.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಗೆ ಒಂದು ಫೋನ್ ಬಂತು. ಸಿಸ್ಟರ್ ಎತ್ತಿಕೊಂಡರು. ಆ ಅಜ್ಜಿಯ ಸೊಸೆ, ಮಳವಳ್ಳಿಯ ದೊಡ್ಡಾಸ್ಪತ್ರೆಯಿಂದ ಮಾತಾಡುತ್ತಿದ್ದರು. ಡ್ರಾಪ್ಸ್ ಬಿಟ್ಟುಕೊಂಡ ಮೇಲೆ ಅತ್ತೆಗೆ ಉಸಿರೇ ಆಡದೆ, ಮುಖ ಕಪ್ಪಿಟ್ಟು, ಆಟೋದಲ್ಲಿ ಹಾಕಿಕೊಂಡು ಬಂದರಂತೆ. ಮೂಗಿಗೆ ಹೊಗೆ ಔಷಧಿ ಕೊಟ್ಟು ಮಲಗಿಸಿದ್ದಾರೆ, ಈಗ ಪರವಾಗಿಲ್ಲ, ನೀವು ಕೊಟ್ಟ ಡ್ರಾಪ್ಸ್ ಯಾವುದು ಎಂದು ಇಲ್ಲಿನ ಡಾಕ್ಟರು ಕೇಳುತ್ತಿದ್ದಾರೆ ಎಂದರು.

ಸಿಸ್ಟರ್ ನನ್ನ ಕೋಣೆಗೆ ಬಂದು ವಿಷಯ ಹೇಳಿದರು. ನಾನು ಅಜ್ಜಿಯ ನಂಬರ್ ಒತ್ತಿದೆ. ಇಬ್ಬರೂ ಆ ಚಕ್ರ ತಿರುಗುವುದನ್ನು ನೋಡುತ್ತ ಕಾದೆವು. ಪುಟ ತೆರೆಯಿತು. ಮೇಲುಗಡೆಯೇ, ಬುಧವಾರ ಕೊಟ್ಟ ಡ್ರಾಪ್ಸಿನದೇ ಹೆಸರು ಹಾಕಿ ಕೆಂಪು ಅಕ್ಷರದಲ್ಲಿ ಬರೆದಿತ್ತು: ಉಬ್ಬಸ ಇದೆ, ಈ ಡ್ರಾಪ್ಸ್ ಕೊಡಬಾರದು. ಕಾಗದದ ಕೇಸ್ ಶೀಟಿನಿಂದ ಆ ಸಾಲನ್ನು ಟೈಪ್ ಮಾಡಿದವಳು ನಾನೇ.

ಯಾರು ಯಾವ ಪುಟ ಯಾವಾಗ ತೆರೆದರು ಎನ್ನುವುದನ್ನು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಅದನ್ನೂ ನೋಡಿದೆ. ಬುಧವಾರ ಆ ಪುಟ ಕೇಳಿದ ಆರು ನಿಮಿಷಕ್ಕೆ ಮಳವಳ್ಳಿಯ ಪರದೆಗೆ ಹೋಗಿ ತಲುಪಿತ್ತು. ಅಷ್ಟು ಹೊತ್ತಿಗೆ ಅಜ್ಜಿ ಚೀಟಿ ಹಿಡಿದು ಆಚೆ ಹೋಗಿದ್ದರು, ಮುಂದಿನವರು ಕುರ್ಚಿಯಲ್ಲಿ ಕೂತಿದ್ದರು. ಯಾರೋ ಪುಟವನ್ನು ಮುಚ್ಚಿ ಮುಂದಿನ ನಂಬರ್ ಒತ್ತಿದ್ದರು.

"ನಾನೇ ಕಣಕ್ಕ ಮುಚ್ಚಿದ್ದು" ಅಂದರು ಸಿಸ್ಟರ್. "ನೋಡ್ನಿಲ್ಲ. ಆ ಗಲಾಟೇಲಿ ನೋಡ್ನೇ ಇಲ್ಲ."

ನಾವಿಬ್ಬರೂ ಅಳಲಿಲ್ಲ. ಅಳುವಷ್ಟು ಬಿಡುವೂ ಇರಲಿಲ್ಲ, ಹೊರಗೆ ಸಾಲು ನಿಂತಿತ್ತು.

ಅಂದಿನಿಂದ ನಾವು ಒಂದು ಉಪಾಯ ಮಾಡಿದೆವು. ದಿನಾ ಏಳು ಗಂಟೆಗೇ ಬಂದು, ಅವತ್ತು ಬರಬೇಕಾದ ಹಳೇ ಪೇಷೆಂಟುಗಳ ಪುಟಗಳನ್ನು ಒಂದೊಂದಾಗಿ ತೆರೆದು, ಕೆಂಪು ಸಾಲಿದ್ದರೆ ನೋಟ್‌ಬುಕ್ಕಿಗೆ ಬರೆದುಕೊಳ್ಳುವುದು. ಹತ್ತು ಗಂಟೆಯೊಳಗೆ ನಲವತ್ತು ಪುಟ ಆಗುತ್ತಿತ್ತು. ಅದನ್ನು ಫೋಟೊ ತೆಗೆದು ಮದ್ದೂರಿಗೂ ಮಳವಳ್ಳಿಗೂ ಕಳಿಸುತ್ತಿದ್ದೆ. ಆದರೆ ಆ ಕಡೆಯ ಜನ ನಾವು ಕೊಟ್ಟ ತಾರೀಖಿಗೆ ಬರುವವರಲ್ಲ. ಬಸ್ಸು ಸಿಕ್ಕಿದ ದಿನ, ಗದ್ದೆಯಲ್ಲಿ ಕೆಲಸವಿಲ್ಲದ ದಿನ, ಜೊತೆಗೆ ಬರಲು ಮಗಳು ಒಪ್ಪಿದ ದಿನ ಬರುತ್ತಾರೆ. ನಮ್ಮ ನೋಟ್‌ಬುಕ್ಕಿನಲ್ಲಿದ್ದ ಹೆಸರಿನವರಲ್ಲಿ ಅರ್ಧ ಜನ ಬರುತ್ತಿರಲಿಲ್ಲ. ಬಂದವರಲ್ಲಿ ಅರ್ಧ ಜನದ ಹೆಸರು ನೋಟ್‌ಬುಕ್ಕಿನಲ್ಲಿ ಇರುತ್ತಿರಲಿಲ್ಲ. ಡಾಕ್ಟರುಗಳು ಈಗ ಯಾರಿಗೂ ಆ ಡ್ರಾಪ್ಸ್ ಬರೆಯಲು ಹೆದರುತ್ತಿದ್ದರು. ಬೇಕಾದವರಿಗೂ ಬರೆಯುತ್ತಿರಲಿಲ್ಲ.

ಕಾರ್ಯದರ್ಶಿಗಳು ಅಜ್ಜಿಯ ಮನೆಗೆ ಹೋಗಿ ಬರಬೇಕೆಂದು ತಾವೇ ಹೇಳಿದರು. ಆದರೆ ಮಂಡಿನೋವು, ಬಸ್ಸು ಹತ್ತಲಾರರು. "ನೀನೇ ಹೋಗಿ ಬಾಮ್ಮ. ನಮ್ಮ ಕಡೆಯಿಂದ ತಪ್ಪಾಯ್ತು ಅಂತ ಹೇಳು. ಬಂದು ತೋರಿಸಿಕೊಳ್ಳೋಕೆ ಹೇಳು" ಅಂದರು. ಭಾನುವಾರ ಹೊರಟೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ, ಮಳವಳ್ಳಿಯಲ್ಲಿ ಇಳಿದು, ಅಲ್ಲಿಂದ ಬ್ಲಫ್ ಎನ್ನುವ ಊರಿನ ಕಡೆಗೆ ಹೋಗುವ ಇನ್ನೊಂದು ಬಸ್ಸು ಹತ್ತಿದೆ. ಸೊಸೆ ರಸ್ತೆಯಲ್ಲೇ ಕಾಯುತ್ತಿದ್ದರು. ಮನೆ ತುಂಬ ಜನರಿದ್ದರು. ಮಗ ಎಮ್ಮೆ ಕಟ್ಟುತ್ತಿದ್ದ. ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾಯಿಗಳನ್ನು ಕೈಯಲ್ಲಿ ತಡವಿ ತಡವಿ ತೆಗೆದುಕೊಳ್ಳುತ್ತಿದ್ದರು.

"ಆಸ್ಪತ್ರೆಯವ್ರು ಕಣವ್ವ" ಎಂದರು ಸೊಸೆ.

"ಯಾವ ಆಸ್ಪತ್ರೆ?"

"ಕಣ್ಣಿಂದು."

ಅಜ್ಜಿಯ ಕೈ ನಿಂತಿತು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಿಮಗೆ ದಮ್ಮು ಇದೆ ಎಂದು ನಮ್ಮ ಕಂಪ್ಯೂಟರಿನಲ್ಲಿ ಬರೆದಿತ್ತು, ಆ ದಿನ ಅದು ಬೇಗ ತೆರೆಯಲಿಲ್ಲ, ಕಾಯಬೇಡಿ ಅಂದವಳು ನಾನು ಎಂದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು.

"ದಮ್ಮು ಅಂತ ಕೇಳ್ನಿಲ್ಲ ಕಣವ್ವ ಆವಯ್ಯ. ಅದೇನೋ ಅಂದ. ಇಲ್ಲ ಅಂದೆ. ನಂಗೆ ದಮ್ಮು ಬುಟ್ಟು ವರ್ಸ ಆಗಿತ್ತು."

"ತಪ್ಪು ನಮ್ಮದೇ ಅಜ್ಜಿ. ಆ ಡ್ರಾಪ್ಸ್ ಬಿಟ್ಟುಬಿಡಿ. ಹಳೇದನ್ನ ಮಾತ್ರ ಹಾಕ್ಕೊಳ್ಳಿ. ಅದರಿಂದ ಏನೂ ಆಗಲ್ಲ."

"ಯಾವ್ದೂ ಹಾಕ್ಕೊಳ್ಳಾಕಿಲ್ಲ ನಾನು. ಎಲ್ಲಾನೂ ತಿಪ್ಪೆಗೆಸೆದೆ."

ಸೊಸೆ ನನ್ನ ಮುಖ ನೋಡಿದರು. ಎಷ್ಟು ಹೇಳಿದರೂ ಕೇಳುತ್ತಿಲ್ಲ ಎನ್ನುವ ಹಾಗೆ ಕೈ ಆಡಿಸಿದರು.

ಬ್ಯಾಗಿನಿಂದ ಹೊಸ ಬಾಟಲಿ ತೆಗೆದೆ. ಹತ್ತು ವರ್ಷದಿಂದ ಅವರು ಹಾಕಿಕೊಳ್ಳುತ್ತಿದ್ದದ್ದೇ, ಅದೇ ಹಸಿರು ಮುಚ್ಚಳದ್ದು. ಕೈಗೆ ಕೊಟ್ಟೆ. ಮುಟ್ಟಿ ನೋಡಿ ವಾಪಸ್ ನನ್ನ ಮಡಿಲಿಗೆ ಇಟ್ಟರು.

"ಹಾಕದೆ ಹೋದರೆ ಕಣ್ಣು ಹೋಗುತ್ತೆ ಅಜ್ಜಿ."

"ಓದ್ರೆ ಓಯ್ತದೆ. ಉಸ್ರು ಸಿಗ್ದೆ ಓದಂಗಾಯ್ತಲ್ಲ, ಅದ ನೀ ಕಂಡಿಲ್ಲ ಬುಡು." ಮತ್ತೆ ಅವರೆಕಾಯಿ ಕೈಗೆತ್ತಿಕೊಂಡು, "ನಿನ್ ಮ್ಯಾಲೆ ಕೋಪ ಇಲ್ಲ ಕಣಮ್ಮ. ಊಟ ಮಾಡ್ಕೊಂಡ್ ಓಗು" ಅಂದರು.

ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಬೈದರೆ ಏನಾದರೂ ಉತ್ತರ ಕೊಡಬಹುದಿತ್ತು. ಉಂಡು ಎದ್ದು ಬಾಟಲಿಯನ್ನು ಸೊಸೆಯ ಕೈಗೆ ಕೊಟ್ಟೆ. ಒಂದು ದಿನ ಮನಸ್ಸು ಬದಲಾಯಿಸಿಯಾರು ಎಂದೆ. "ನೋಡ್ತೀನಿ ಅಕ್ಕ" ಎಂದರು. ಆಮೇಲೆ ಎರಡು ಸಲ ಅವರಿಗೆ ಫೋನ್ ಮಾಡಿದೆ. ಅತ್ತೆ ಮಲಗಿದ್ದಾಗ ಹಾಕಲು ಹೋಗಿ ಒದೆಸಿಕೊಂಡೆ ಎಂದು ನಗುತ್ತಲೇ ಹೇಳಿದರು. ಮೂರನೆಯ ಸಲ ಫೋನ್ ಎತ್ತಲಿಲ್ಲ.

ಟ್ರಸ್ಟಿನ ಸಭೆ ನಡೆಯಿತು. ಕಾರ್ಯದರ್ಶಿಗಳು ನನ್ನನ್ನೂ ಒಳಗೆ ಕರೆದರು. ಪ್ರೊಸೆಸರ್ ಎಂದರೇನು, ಬೀಗ ಎಂದರೇನು ಎಂದು ನಾನು ವಿವರಿಸಿದೆ. ಸದಸ್ಯರೊಬ್ಬರು, "ಮೂರು ತಿಂಗಳ ಹಿಂದಿನವರೆಗೆ ಚೆನ್ನಾಗಿ ಓಡ್ತಿದ್ದ ಮಿಷನ್ ಈಗ ಯಾಕೆ ಕೆಟ್ಟುಹೋಯ್ತು?" ಎಂದು ಕೇಳಿದರು. ಕೆಟ್ಟಿಲ್ಲ, ಅದು ಹಾಗೇ ಇದೆ, ಅದಕ್ಕೆ ಕೊಟ್ಟ ಕೆಲಸ ಹೆಚ್ಚಾಗಿದೆ ಎಂದೆ. "ಹಾಗಾದರೆ ಕೆಲಸ ಕಡಿಮೆ ಮಾಡಿ" ಎಂದರು. ಕಾರ್ಯದರ್ಶಿಗಳು ಮಧ್ಯೆ ಬಂದು ಅಜ್ಜಿಯ ವಿಷಯ ಹೇಳಿದ ಮೇಲೆ ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೂ ಯಂತ್ರ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ನಾವು ಏಳು ಗಂಟೆಗೆ ಬಂದು ನೋಟ್‌ಬುಕ್ಕಿಗೆ ಬರೆದೆವು.

ಹೊಸದು ಬಂದ ದಿನ ಎಲ್ಲರ ಪುಟವೂ ತಟ್ಟನೆ ತೆರೆಯಿತು. ಡಾಕ್ಟರುಗಳು ಒಂದು ವಾರದಲ್ಲಿ ಹಳೆಯದನ್ನು ಮರೆತರು. ಅದು ಸಹಜ. ಸಿಸ್ಟರ್ ಮಾತ್ರ ಈಗಲೂ ಪುಟ ಮುಚ್ಚುವ ಮೊದಲು ಒಂದು ಸಲ ಮೇಲಿನಿಂದ ಕೆಳಗೆ ಓದುತ್ತಾರೆ.

ಅಜ್ಜಿಯನ್ನು ಮತ್ತೆ ನೋಡಿದ್ದು ಇನ್ನೂ ಏಳೆಂಟು ತಿಂಗಳಾದ ಮೇಲೆ, ಮದ್ದೂರಿನ ಕೇಂದ್ರದಲ್ಲಿ. ನಾನು ಅಲ್ಲಿಗೆ ಪ್ರಿಂಟರ್ ಸರಿಮಾಡಲು ಹೋಗಿದ್ದೆ. ಸೊಸೆಯ ತವರು ಮದ್ದೂರಿನ ಪಕ್ಕ. ಏನೋ ಕಾರ್ಯಕ್ಕೆ ಬಂದವರು, ಹೇಗೋ ಪುಸಲಾಯಿಸಿ ಕರೆತಂದಿದ್ದರು. ನಮ್ಮ ಡಾಕ್ಟರ್ ಮೇಡಂ ಪರೀಕ್ಷೆ ಮಾಡಿದರು. ಬಲಗಣ್ಣಿನಲ್ಲಿ ಇನ್ನು ಮಾಡುವುದು ಏನೂ ಉಳಿದಿರಲಿಲ್ಲ. ಎಡಗಣ್ಣಿನಲ್ಲಿ ನಡುವಿನ ದೃಷ್ಟಿಯಷ್ಟೇ ಉಳಿದಿದೆ, ಅದನ್ನಾದರೂ ಉಳಿಸಿಕೊಳ್ಳಬೇಕು ಎಂದು ಮೇಡಂ ಅಜ್ಜಿಯ ಕೈ ಹಿಡಿದು ಬಹಳ ಹೊತ್ತು ಮಾತಾಡಿದರು. ಕೊನೆಗೆ ಅಜ್ಜಿ ಒಪ್ಪಿದರು. ಹಳೆಯ ಡ್ರಾಪ್ಸಿನ ಮೊದಲ ಹನಿಯನ್ನು ಮೇಡಮ್ಮೇ ಹಾಕಿದರು. ಹಾಕಿದ ಮೇಲೆ ಅಜ್ಜಿ ಎರಡು ಕೈಯಲ್ಲೂ ಕುರ್ಚಿಯ ಅಂಚು ಹಿಡಿದುಕೊಂಡು, ಉಸಿರು ನಿಂತುಬಿಡುತ್ತದೇನೋ ಎಂದು ಕಾಯುತ್ತ ಕೂತರು. ಅರ್ಧ ಗಂಟೆ ಹಾಗೇ ಕೂತಿದ್ದರು. ನಾನು ಪ್ರಿಂಟರ್ ಬಿಚ್ಚಿಟ್ಟುಕೊಂಡು ದೂರದಿಂದ ಅವರ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದೆ.

ಏನೂ ಆಗಲಿಲ್ಲ. ಹೊರಡುವಾಗ ಮೆಟ್ಟಿಲು ಇಳಿಸೋಣವೆಂದು ಹೋಗಿ ತೋಳು ಹಿಡಿದೆ. ಅಜ್ಜಿ ಬೆಚ್ಚಿದರು.

"ಆ ಕಡೆಯಿಂದ ಇಡ್ಕೊಬೇಡಿ ಅಕ್ಕ. ಬಲಗಡೆ ಯಾರು ನಿಂತ್ರೂ ಗೊತ್ತಾಗಕಿಲ್ಲ ಅವ್ವಂಗೆ" ಎಂದರು ಸೊಸೆ.

ನಾನು ಸುತ್ತಿ ಎಡಗಡೆಗೆ ಬಂದೆ.